ಕೊನೇ ಭಾಗದ ಮಕ್ಕಳು

ಕನ್ನಂಬಾಡಿ ಕಟ್ಟೆಯಿಂದ ನಾಲೆಗೆ ನೀರು ಬಿಟ್ಟರೆ ಮಾರನೆಯ ದಿನ ಪತ್ರಿಕೆಯಲ್ಲಿ ಇಷ್ಟು ಕ್ಯೂಸೆಕ್ ಎಂದು ಲೆಕ್ಕ ಬರುತ್ತದೆ. ಆ ಲೆಕ್ಕ ಸುಳ್ಳಲ್ಲ. ಆದರೆ ಮದ್ದೂರು, ಮಳವಳ್ಳಿ ಕಡೆಯ ರೈತ ಅದನ್ನು ಓದಿದ ಮಾತ್ರಕ್ಕೆ ನಾಟಿಗೆ ಆಳು ಕರೆಯುವುದಿಲ್ಲ. ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದಲ್ಲಿ ಜಮೀನಿರುವವನಿಗೆ ಬಿಟ್ಟ ನೀರು ಬೇರೆ, ಬಂದ ನೀರು ಬೇರೆ. ತೂಬಿನ ಹತ್ತಿರ ಹೋಗಿ ಕಣ್ಣಾರೆ ನೋಡುವ ತನಕ ಅವನು ಯಾವ ಎಂಜಿನಿಯರ್ ಮಾತನ್ನೂ ನಂಬುವುದಿಲ್ಲ. ಬರಲಿಲ್ಲವೆಂದರೆ ಹೆದ್ದಾರಿಯಲ್ಲಿ ಕೂತು ಕೇಳುತ್ತಾನೆ.

ಇಷ್ಟು ಎಚ್ಚರದ ಜನ ನಾವು, ಶಾಲೆಯ ವಿಷಯ ಬಂದಾಗ ಮಾತ್ರ ಬಿಟ್ಟ ನೀರಿನ ಲೆಕ್ಕವನ್ನೇ ಒಪ್ಪಿಕೊಂಡು ಮನೆಗೆ ಹೋಗುತ್ತೇವೆ. ಡಿಸೆಂಬರ್ ಹೊತ್ತಿಗೆ ಇಷ್ಟು ಪಾಠ ಆಗಿದೆ, ಫೆಬ್ರವರಿಗೆ ಪೂರ್ತಿ ಮುಗಿಯುತ್ತದೆ, ಆಮೇಲೆ ಪುನರಾವರ್ತನೆ. ಮೇಷ್ಟರು ಹೀಗೆ ಹೇಳುತ್ತಾರೆ, ಸಿಆರ್‌ಪಿ ಬರೆದುಕೊಳ್ಳುತ್ತಾರೆ, ಬಿಇಒ ಕಚೇರಿ ಮೇಲಕ್ಕೆ ಕಳಿಸುತ್ತದೆ. ಪಾಠ ಮುಗಿಯಿತು ಸರಿ, ಅದು ಯಾರ್‍ಯಾರಿಗೆ ತಲುಪಿತು ಎಂದು ಕೇಳುವ ಕಾಲಂ ಆ ನಮೂನೆಯಲ್ಲಿ ಇರುವುದಿಲ್ಲ.

ಮದ್ದೂರು ತಾಲ್ಲೂಕಿನ ಒಂದು ಐದನೇ ತರಗತಿಯನ್ನು ಊಹಿಸಿಕೊಳ್ಳಿ. ಇಪ್ಪತ್ತೈದು ಮೂವತ್ತು ಮಕ್ಕಳು. ಅವರಲ್ಲೊಬ್ಬಳು ಅಣ್ಣನ ಏಳನೇ ತರಗತಿ ಪುಸ್ತಕವನ್ನೂ ಓದಿ ಮುಗಿಸಿದ್ದಾಳೆ, ತರಗತಿಯಲ್ಲಿ ಆಕಳಿಸುತ್ತಾಳೆ. ಇನ್ನೊಬ್ಬನಿಗೆ ಒತ್ತಕ್ಷರ ಬಂದ ಕೂಡಲೇ ಸಾಲು ನಿಂತುಹೋಗುತ್ತದೆ. ಮತ್ತೊಬ್ಬನ ಅಪ್ಪ ಅಮ್ಮ ಕಬ್ಬು ಕಡಿಯಲು ಬೇರೆ ಜಿಲ್ಲೆಯಿಂದ ಬಂದವರು. ಕಾರ್ಖಾನೆ ಅರೆಯುವಷ್ಟು ದಿನ ಈ ಊರು, ಆಮೇಲೆ ಯಾವ ಊರೋ. ಒಬ್ಬಳಿಗೆ ಬೋರ್ಡು ಮಸುಕಾಗಿ ಕಾಣುತ್ತದೆ, ಎಲ್ಲರಿಗೂ ಹಾಗೇ ಕಾಣುತ್ತದೆ ಎಂದುಕೊಂಡಿದ್ದಾಳೆ. ಒಬ್ಬ ಬಾಯಲ್ಲಿ ಸೊಗಸಾಗಿ ಕತೆ ಹೇಳುತ್ತಾನೆ, ಪೆನ್ಸಿಲ್ ಹಿಡಿದರೆ ಅಕ್ಷರಗಳು ತಲೆಕೆಳಗಾಗುತ್ತವೆ. ಇವರೆಲ್ಲರ ಮುಂದೆ ಒಬ್ಬ ಶಿಕ್ಷಕಿ ಒಂದೇ ಪುಸ್ತಕದ ಒಂದೇ ಪುಟ ತೆರೆದು ನಿಂತಿದ್ದಾರೆ. ಆ ಪುಟ ಯಾರಿಗೆ? ಈ ಪೈಕಿ ಯಾರಿಗೂ ಅಲ್ಲ. ಸರಾಸರಿ ಮಗು ಎಂಬ, ಯಾವ ಹಾಜರಿ ಪುಸ್ತಕದಲ್ಲೂ ಹೆಸರಿಲ್ಲದ ಮಗುವಿಗೆ.

ಇದು ಕಲ್ಪನೆಯ ಉತ್ಪ್ರೇಕ್ಷೆ ಎನ್ನುವವರಿಗೆ ಒಂದು ಅಂಕಿ. 'ಅಸರ್' ಸಮೀಕ್ಷೆಯ ಪ್ರಕಾರ, ಕರ್ನಾಟಕದ ಗ್ರಾಮೀಣ ಭಾಗದಲ್ಲಿ ಮೂರನೇ ತರಗತಿಯಲ್ಲಿದ್ದು ಎರಡನೇ ತರಗತಿಯ ಪಠ್ಯ ಓದಬಲ್ಲ ಮಕ್ಕಳು 2018ರಲ್ಲಿ ಶೇ. 19.2, 2022ರಲ್ಲಿ ಶೇ. 8.6. ಕೊರೊನಾ ಕಾಲದ ಹೊಡೆತವನ್ನು ಕಳೆದು ನೋಡಿದರೂ, ಅದಕ್ಕೆ ಮೊದಲೇ ಐವರಲ್ಲಿ ನಾಲ್ವರಿಗೆ ಪುಸ್ತಕ ದೂರವಿತ್ತು. ಈ ಮಕ್ಕಳು ನಾಲ್ಕನೇ ತರಗತಿಗೆ ಹೋದರು, ಐದಕ್ಕೆ ಹೋದರು. ಅಲ್ಲಿನ ಪುಸ್ತಕ ಅವರಿಗಾಗಿ ಕಾಯುತ್ತಾ ಕೂರಲಿಲ್ಲ. ಕೊನೇ ಬೆಂಚಿನವರು ಎಂದು ನಾವು ನಗೆಯಾಡುವ ಗುಂಪು ನಿಜದಲ್ಲಿ ತರಗತಿಯ ಬಹುಪಾಲು.

ಕಾನೂನು ಏನು ಹೇಳುತ್ತದೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಕಲಂ 24 ಶಿಕ್ಷಕರ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ನಿಗದಿತ ಕಾಲದೊಳಗೆ ಇಡೀ ಪಠ್ಯಕ್ರಮ ಮುಗಿಸಬೇಕು ಎಂಬುದು ಅದರಲ್ಲೊಂದು. ಅದರ ಮಗ್ಗುಲಲ್ಲೇ, ಪ್ರತಿ ಮಗುವಿನ ಕಲಿಕೆಯ ಸಾಮರ್ಥ್ಯವನ್ನು ಅಳೆದು ಅದಕ್ಕೆ ತಕ್ಕಂತೆ ಹೆಚ್ಚುವರಿ ಬೋಧನೆ ಕೊಡಬೇಕು ಎಂಬ ಇನ್ನೊಂದು. ಎರಡೂ ಒಂದೇ ಕಲಂನ ಅಕ್ಕಪಕ್ಕದ ಮನೆಯವು. ಆದರೆ ಒಂದಕ್ಕೆ ತಪಾಸಣೆ ಉಂಟು, ವರದಿ ಉಂಟು, ನೋಟೀಸೂ ಉಂಟು. ಇನ್ನೊಂದಕ್ಕೆ ತರಬೇತಿಯ ಭಾಷಣ ಮಾತ್ರ. ಯಾವ ಶಿಕ್ಷಕನೂ ಇವತ್ತಿನವರೆಗೆ 'ನೀನು ಈ ಮಗು ಎಲ್ಲಿದೆ ಎಂದು ನೋಡಲಿಲ್ಲ' ಎಂಬ ಕಾರಣಕ್ಕೆ ಬೈಸಿಕೊಂಡದ್ದನ್ನು ನಾನು ಕೇಳಿಲ್ಲ. 'ಇನ್ನೂ ಆರನೇ ಪಾಠದಲ್ಲೇ ಇದ್ದೀರಾ' ಎಂದು ಬೈಸಿಕೊಂಡವರನ್ನು ಎಣಿಸಲು ಬೆರಳು ಸಾಲುವುದಿಲ್ಲ. ಹಾಗಿರುವಾಗ ಶಿಕ್ಷಕ ಯಾವುದನ್ನು ಮಾಡುತ್ತಾನೆ, ನೀವೇ ಹೇಳಿ.

ಬೇರೆ ದಾರಿ ಗೊತ್ತಿಲ್ಲದೆ ಹೀಗಾಗಿದ್ದರೆ ಕ್ಷಮಿಸಬಹುದಿತ್ತು. ದಾರಿ ನಮ್ಮ ಪಕ್ಕದ ಜಿಲ್ಲೆಯಲ್ಲೇ ಹುಟ್ಟಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ರಿಷಿವ್ಯಾಲಿಗೆ ಹೋದರು. ಅಲ್ಲಿನ ಸುತ್ತಲ ಹಳ್ಳಿಗಳ ಪುಟ್ಟ ಶಾಲೆಗಳಲ್ಲಿ ಬೇರೆ ಬೇರೆ ಮಟ್ಟದ ಮಕ್ಕಳು ಒಂದೇ ಕೋಣೆಯಲ್ಲಿ ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿದ್ದುದನ್ನು ನೋಡಿದರು. ಬಂದು ತಮ್ಮ ಕಾಡಂಚಿನ ಮಕ್ಕಳಿಗೆ ತಕ್ಕಂತೆ ಕನ್ನಡದಲ್ಲಿ ತಾವೇ ಕಾರ್ಡು ಬರೆದರು. ಅದೇ 'ನಲಿ-ಕಲಿ'.

ನಲಿ-ಕಲಿಯ ಕೋಣೆಯೊಳಗೆ ಹೋದವರಿಗೆ ಮೊದಲು ಕಾಣುವುದು ಹಾಡು, ಆಟ, ತಲೆಯ ಮೇಲಿನ ಚಪ್ಪರದಲ್ಲಿ ತೂಗುವ ಬಣ್ಣದ ಕಾಗದ. ಅದರ ಜೀವ ಇರುವುದು ಅಲ್ಲಲ್ಲ, ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ. ಪಠ್ಯವನ್ನು ಪಾಠಗಳಾಗಿ ಅಲ್ಲ, ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದಿದ್ದಾರೆ. ಪ್ರತಿ ಮೆಟ್ಟಿಲಿಗೆ ಒಂದು ಕಾರ್ಡು, ಗುರುತಿಗೊಂದು ಚಿತ್ರ. ಮಗು ತಾನು ಎಲ್ಲಿದ್ದೇನೆಂದು ತಾನೇ ಏಣಿಯಲ್ಲಿ ನೋಡಿಕೊಂಡು ತನ್ನ ಕಾರ್ಡು ತೆಗೆದುಕೊಳ್ಳುತ್ತದೆ. ಅದನ್ನು ಯಾವ ಗುಂಪಿನಲ್ಲಿ ಕೂತು ಮಾಡಬೇಕೆಂಬುದನ್ನೂ ಕಾರ್ಡೇ ಹೇಳುತ್ತದೆ. ಒಂದು ಗುಂಪಿಗೆ ಶಿಕ್ಷಕರ ಪೂರ್ತಿ ನೆರವು, ಒಂದಕ್ಕೆ ಅರ್ಧ ನೆರವು, ಒಂದಕ್ಕೆ ಗೆಳೆಯರ ಪೂರ್ತಿ ನೆರವು, ಇನ್ನೊಂದಕ್ಕೆ ಗೆಳೆಯರ ಅರ್ಧ ನೆರವು, ಕೊನೆಯದು ತಾನೇ ಕಲಿಯುವುದು. ಹೀಗೆ ಐದು. ಇಡೀ ತರಗತಿಗೆ ಹಂಚಿ ಹೋಗುತ್ತಿದ್ದ ಶಿಕ್ಷಕರ ಗಮನ, ಅದು ನಿಜವಾಗಿ ಬೇಕಿರುವ ಐದಾರು ಮಕ್ಕಳಿಗೆ ಸಿಗುತ್ತದೆ. ಹದಿನೈದು ದಿನ ಅಜ್ಜಿಯ ಊರಿಗೆ ಹೋಗಿ ಬಂದ ಮಗು ಹದಿನೈದು ದಿನ ಹಿಂದೆ ಬೀಳುವುದಿಲ್ಲ. ಬಿಟ್ಟ ಮೆಟ್ಟಿಲಿನಿಂದ ಮುಂದೆ ಹತ್ತುತ್ತದೆ. ಕಬ್ಬು ಕಡಿಯುವವರ ಮಗುವಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಏನಿದೆ?

ಮಂಡ್ಯಕ್ಕೆ ಇದು ಹೊರಗಿನ ಮಾತೂ ಅಲ್ಲ. ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ, ಅಂದರೆ ಡಿಪಿಇಪಿ, ಕರ್ನಾಟಕಕ್ಕೆ ಬಂದಾಗ ಮೊದಲ ಹಂತಕ್ಕೆ ಆಯ್ಕೆಯಾದ ನಾಲ್ಕು ಜಿಲ್ಲೆಗಳಲ್ಲಿ ಬೆಳಗಾವಿ, ಕೋಲಾರ, ರಾಯಚೂರಿನ ಜೊತೆ ಮಂಡ್ಯವೂ ಇತ್ತು. 2009-10ರಲ್ಲಿ ನಲಿ-ಕಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು ಎರಡನೇ ತರಗತಿಗೆ ಬಂತು, ಮರುವರ್ಷ ಮೂರನೆಯದಕ್ಕೂ. ಅಲ್ಲಿಗೆ ನಿಂತಿತು.

ಈ ನಿಲುಗಡೆಯೇ ನನ್ನ ತಕರಾರಿನ ತಿರುಳು. ಮೂರನೇ ತರಗತಿಯ ಮಾರ್ಚ್‌ ತನಕ ಪ್ರತಿ ಮಗುವೂ ಬೇರೆ, ಅದರ ಮೆಟ್ಟಿಲೂ ಬೇರೆ. ನಾಲ್ಕನೇ ತರಗತಿಯ ಜೂನ್‌ಗೆ ಎಲ್ಲರೂ ಒಂದೇ. ಒಂದೇ ಪುಸ್ತಕ, ಒಂದೇ ಪುಟ, ಒಂದೇ ಘಟಕ ಪರೀಕ್ಷೆ. ಎರಡು ತಿಂಗಳ ಬೇಸಿಗೆ ರಜೆಯಲ್ಲಿ ಐದು ಬೆರಳೂ ಸಮವಾಗಿ ಬೆಳೆದುಬಿಟ್ಟವೇ? ಏಣಿಯ ಅರ್ಧದಲ್ಲಿದ್ದ ಮಗುವಿಗೆ ಮೇಲಿನ ಅರ್ಧ ಏಣಿಯನ್ನು ಕಿತ್ತುಕೊಂಡು 'ಹಾರು' ಎಂದ ಹಾಗೆ. ಹಾರಲಾಗದೆ ಬಿದ್ದರೆ ಅದಕ್ಕೆ ಒಂದು ಹೆಸರು ಸಿದ್ಧವಾಗಿದೆ: ನಿಧಾನ ಕಲಿಕೆಯ ಮಗು. ನಮ್ಮ ಊರಿನ ಭಾಷೆಯಲ್ಲಿ ಇನ್ನೂ ನೇರವಾಗಿ, 'ಇವುಕ್ಕೆ ತಲೆಗೇ ಹತ್ತಾಕಿಲ್ಲ'.

ತಲೆಗೆ ಹತ್ತುವುದಿಲ್ಲ ಎನ್ನುವ ಮುಂಚೆ ಆ ತಲೆಯೊಳಗೆ ಏನಿದೆ ಎಂದು ನೋಡಿದವರೆಷ್ಟು ಜನ? ಬ್ರೆಜಿಲ್ ದೇಶದ ರೆಸಿಫೆ ಎಂಬ ಊರಿನಲ್ಲಿ ಟೆರೆಜಿನ್ಯಾ ನ್ಯೂನಸ್ ಮತ್ತವರ ಸಂಗಡಿಗರು ನಡೆಸಿದ ಒಂದು ಅಧ್ಯಯನ 1985ರಲ್ಲಿ ಪ್ರಕಟವಾಯಿತು. ಬೀದಿಯಲ್ಲಿ ವ್ಯಾಪಾರ ಮಾಡುವ ಐದು ಮಕ್ಕಳ ಬಳಿ ಗಿರಾಕಿಗಳಂತೆ ಹೋಗಿ ಲೆಕ್ಕ ಕೇಳಿದರು. ಅದರಲ್ಲೊಬ್ಬ ಹುಡುಗ ತೆಂಗಿನಕಾಯಿ ಮಾರುವವನು. ಒಂದಕ್ಕೆ 35ರಂತೆ ಹತ್ತು ಕಾಯಿಗೆಷ್ಟು? ಹುಡುಗ ಸೊನ್ನೆ ಸೇರಿಸಲಿಲ್ಲ. ಮೂರಕ್ಕೆ 105, ಇನ್ನು ಮೂರಕ್ಕೆ 210, ಹೀಗೆ ಕೂಡುತ್ತಾ ಹೋಗಿ 350 ಎಂದ. ಬೀದಿಯಲ್ಲಿ ಈ ಮಕ್ಕಳ ಉತ್ತರಗಳಲ್ಲಿ ಶೇ. 98 ಸರಿ. ಅದೇ ಲೆಕ್ಕಗಳನ್ನು ಶಾಲೆಯ ಹಾಗೆ ಕಾಗದದ ಮೇಲೆ ಬರೀ ಅಂಕಿಗಳಾಗಿ ಕೊಟ್ಟಾಗ ಶೇ. 37 ಮಾತ್ರ ಸರಿ.

ಮದ್ದೂರಿನ ಎಳನೀರು ಮಾರುಕಟ್ಟೆ ದೇಶಕ್ಕೇ ಗೊತ್ತು. ಅಲ್ಲಿಗೆ ಅಪ್ಪನ ಜೊತೆ ಹೋಗಿ ಬಂದ ಹುಡುಗ ದರ, ಕಳಿತ, ಬಾಡಿಗೆ, ಉಳಿಕೆ ಎಲ್ಲವನ್ನೂ ಕೇಳಿಸಿಕೊಂಡಿರುತ್ತಾನೆ. ಶಾಲೆಯಲ್ಲಿ ದಶಕದ ಲೆಕ್ಕ ತಪ್ಪಿದ ಕೂಡಲೇ ಅವನು ದಡ್ಡ. ಅವನ ಬಾಯಿಲೆಕ್ಕದಿಂದ ಹೊರಟು ಬರಹದ ಲೆಕ್ಕಕ್ಕೆ ಬರುವ ದಾರಿಯೊಂದಿದೆ. ಆದರೆ ಆ ದಾರಿಯಲ್ಲಿ ನಡೆಯಲು ನಾಲ್ಕು ದಿನ ಹೆಚ್ಚು ಬೇಕು. ನಾಲ್ಕು ದಿನ ಹೆಚ್ಚು ತೆಗೆದುಕೊಂಡರೆ ಪಾಠ ಹಿಂದೆ ಬೀಳುತ್ತದೆ.

ಭಾಷೆಯದೂ ಇದೇ ಕತೆ. ನಮ್ಮ ಕಡೆ ಮಾತಿನಲ್ಲಿ 'ಹ'ಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹೋಗುವುದು ಓಗೋದಾಗುತ್ತದೆ. ಮಗು 'ಆಲು' ಎಂದು ಬರೆದರೆ ಅದು ಅಜಾಗರೂಕತೆಯಲ್ಲ, ಕಿವಿಗೆ ಕೇಳಿದ್ದನ್ನು ಅಕ್ಷರಕ್ಕೆ ಇಳಿಸುವ ಕೆಲಸವನ್ನು ಸರಿಯಾಗಿ ಕಲಿತದ್ದರ ಗುರುತು. ಕೆಂಪು ಶಾಯಿಯ ಗೆರೆ ಎಳೆದು 'ಹತ್ತು ಸಲ ಬರಿ' ಎನ್ನುವ ಬದಲು, ಮನೆಯ ಮಾತಿಗೂ ಪುಸ್ತಕದ ಮಾತಿಗೂ ಇರುವ ಅಂತರವನ್ನು ಹೇಳಿಕೊಟ್ಟರೆ ಆ ಮಗು ಎರಡನ್ನೂ ಉಳಿಸಿಕೊಳ್ಳುತ್ತದೆ. ಇನ್ನು ಮನೆಯಲ್ಲಿ ತೆಲುಗೋ ಲಂಬಾಣಿಯೋ ಹಿಂದಿಯೋ ಆಡುವ ಮಗುವಿಗೆ ಬೇಕಾದ ನೆರವೇ ಬೇರೆ. ಈ ಇಬ್ಬರಿಗೂ ಒಂದೇ ಕಾಪಿ ಬರವಣಿಗೆ ಮದ್ದೆಂದರೆ ಯಾವ ವೈದ್ಯನೂ ಒಪ್ಪಲಾರ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ತರಬೇತಿಗಳಲ್ಲಿ ಇತ್ತೀಚೆಗೆ ಕೇಳಿಬರುವ ಒಂದು ಫ್ಯಾಶನ್ ಇದೆ: ಕೆಲವು ಮಕ್ಕಳು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು, ಕೆಲವರು ಮಾಡಿ ಕಲಿಯುವವರು, ಅವರವರ ಶೈಲಿಗೆ ತಕ್ಕಂತೆ ಪಾಠ ಮಾಡಿ ಎಂಬುದು. ಹೆರಾಲ್ಡ್ ಪ್ಯಾಶ್ಲರ್ ಮತ್ತಿತರ ಮನೋವಿಜ್ಞಾನಿಗಳು 2008ರಲ್ಲಿ ಈ ವಾದಕ್ಕಿರುವ ಪುರಾವೆಗಳನ್ನೆಲ್ಲ ಜಾಲಾಡಿ, ಹೀಗೆ ಶೈಲಿ ವಿಂಗಡಿಸಿ ಕಲಿಸಲು ಸಾಕಷ್ಟು ಆಧಾರವಿಲ್ಲ ಎಂದರು. ನಾನು ಕೇಳುತ್ತಿರುವುದು ಆ ಶೈಲಿಯ ಲೇಬಲ್ಲನ್ನಲ್ಲ. ಮಗು ಈಗ ಯಾವ ಮೆಟ್ಟಿಲಲ್ಲಿದೆ, ಅದರ ಮನೆಮಾತು ಯಾವುದು, ಅದಕ್ಕೆ ಕಣ್ಣು ಕಾಣುತ್ತದೆಯೇ, ಕಿವಿ ಕೇಳುತ್ತದೆಯೇ. ಈ ನಾಲ್ಕು ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಉಳಿದರ್ಧ ಹೇಗೆ ಎಂಬುದಕ್ಕೂ ಪುರಾವೆ ಇದೆ. 'ಪ್ರಥಮ್' ಸಂಸ್ಥೆಯ ಮಾದರಿಯಂತೆ ಹರಿಯಾಣದ ಸರ್ಕಾರಿ ಶಾಲೆಗಳಲ್ಲಿ ದಿನಕ್ಕೆ ಒಂದು ಗಂಟೆಯನ್ನು ಬೇರೆಯಾಗಿ ತೆಗೆದಿಟ್ಟು, ಮೂರರಿಂದ ಐದನೇ ತರಗತಿಯ ಮಕ್ಕಳನ್ನು ತರಗತಿಯ ಪ್ರಕಾರ ಅಲ್ಲದೆ ಓದುವ ಮಟ್ಟದ ಪ್ರಕಾರ ಕೂರಿಸಿ ಸರ್ಕಾರಿ ಶಿಕ್ಷಕರೇ ಕಲಿಸಿದರು. ಮುಂದೆ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತವರ ಸಂಗಡಿಗರು ಅದನ್ನು ಅಳೆದಾಗ ಓದು ಸುಧಾರಿಸಿತ್ತು. ಅದೇ ರಾಜ್ಯದಲ್ಲಿ ಸಿಸಿಇ, ಅಂದರೆ ನಿರಂತರ ಮೌಲ್ಯಮಾಪನವನ್ನೂ ಪರೀಕ್ಷಿಸಿ ನೋಡಿದರು. ಅದರಿಂದ ಕಲಿಕೆಯಲ್ಲಿ ಏನೂ ಫರಕು ಬರಲಿಲ್ಲ. ಈ ಎರಡು ಫಲಿತಾಂಶಗಳನ್ನು ಜೊತೆಗಿಟ್ಟು ಓದಬೇಕು. ಮಗುವನ್ನು ಅಳೆದು ಅಳೆದು ವಹಿಯಲ್ಲಿ ಬರೆದರೆ ಮಗು ಬೆಳೆಯುವುದಿಲ್ಲ. ಅಳೆದ ಮೇಲೆ ಅದು ಕೂರುವ ಜಾಗ, ಹಿಡಿಯುವ ಪುಸ್ತಕ, ಕಲಿಸುವ ಗಂಟೆ ಬದಲಾಗಬೇಕು.

ನಮ್ಮಲ್ಲಿ ಯೋಜನೆಗಳ ಹೆಸರಿಗೆ ಬರವಿಲ್ಲ. ಜೂನ್‌ನಲ್ಲಿ ಸೇತುಬಂಧ, ವರ್ಷದ ನಡುವೆ ಪರಿಹಾರ ಬೋಧನೆ, 2022-23ರಲ್ಲಿ ಕಲಿಕಾ ಚೇತರಿಕೆ, ಅದಕ್ಕೂ ಮೊದಲು ಓದು ಕರ್ನಾಟಕ, ಗಣಿತ ಕಲಿಕಾ ಆಂದೋಲನ. ಒಂದೊಂದರ ಹಿಂದೆಯೂ ಒಳ್ಳೆಯ ತಲೆಗಳು ದುಡಿದಿವೆ, ಇಲ್ಲವೆನ್ನುವುದಿಲ್ಲ. ಆದರೆ ಇವೆಲ್ಲ ಪಾಠಕ್ಕೆ ಅಂಟಿಸಿದ ತೇಪೆಗಳು. ಸೇತುಬಂಧದ ದಿನಗಳು ಮುಗಿದ ಕೂಡಲೇ ಸೇತುವೆ ದಾಟಿದವರು, ದಾಟದವರು ಎಲ್ಲರೂ ಮೊದಲನೇ ಪಾಠಕ್ಕೆ ಬರಬೇಕು. ಸಾಫಲ್ಯ ಪರೀಕ್ಷೆಯ ಅಂಕ ವಹಿಗೆ ಹೋಗುತ್ತದೆ. ದಾಟದವರು ಹೊಳೆಯ ಆಚೆಯೇ ಉಳಿಯುತ್ತಾರೆ.

ಇದಕ್ಕೆ ಬರುವ ಆಕ್ಷೇಪಗಳು ಮೂರು. ಮೊದಲನೆಯದು ಶಿಕ್ಷಕರದು: 'ಮೂವತ್ತು ಮಕ್ಕಳಿಗೆ ಮೂವತ್ತು ಪಾಠ ಮಾಡೋಕಾಗುತ್ತಾ?' ಆಗುವುದಿಲ್ಲ. ನಲವತ್ತು ನಿಮಿಷದ ಅವಧಿಯಲ್ಲಿ ಒಂದು ಮಗುವಿಗೆ ಒಂದು ನಿಮಿಷ ಇಪ್ಪತ್ತು ಸೆಕೆಂಡು. ಆದರೆ ಮೂವತ್ತು ಪಾಠ ಬೇಕಿಲ್ಲ, ಮೂರು ಸಾಕು. ಅಕ್ಷರದಲ್ಲಿರುವವರು, ವಾಕ್ಯದಲ್ಲಿರುವವರು, ಪುಟ ಓದುವವರು. ಇನ್ನು ಶಿಕ್ಷಕರು ಹೇಳುವ ಕೆಲಸದ ಹೊರೆ ನೂರಕ್ಕೆ ನೂರು ನಿಜ. ಅರವತ್ತರವರೆಗೆ ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗೆ ಕಾಯ್ದೆಯ ಪ್ರಕಾರವೇ ಇಬ್ಬರು ಶಿಕ್ಷಕರು, ಐದು ತರಗತಿಗಳು. ಒಬ್ಬರು ತರಬೇತಿಗೋ ಬಿಎಲ್‌ಒ ಕೆಲಸಕ್ಕೋ ಹೋದರೆ ಉಳಿದವರೊಬ್ಬರೇ. ಆದರೆ ಗಮನಿಸಿ, ಇಂಥ ಶಾಲೆಗೆ ತರಗತಿವಾರು ಪಾಠವೇ ಅಸಾಧ್ಯ. ಮಟ್ಟವಾರು ಕೂರಿಸುವುದೊಂದೇ ಅಲ್ಲಿ ಸಾಧ್ಯವಿರುವ ದಾರಿ. ಹೊರೆಯ ಮಾತು ನನ್ನ ವಾದಕ್ಕೆ ಉತ್ತರವಲ್ಲ, ಬೆಂಬಲ.

ಎರಡನೆಯದು ಪೋಷಕರದು: 'ನಮ್ ಮಗ ಮೂರನೇ ಕ್ಲಾಸು, ಅವುನ್ನ ಒಂದನೇ ಕ್ಲಾಸ್ ಮಕ್ಕಳ್ ಜೊತೆ ಯಾಕ್ ಕೂರ್ಸಿದ್ದೀರಿ?' ಕೋಪ ಸಹಜ. ಬಸ್ಸಿನಲ್ಲಿ ಟೈ ಕಟ್ಟಿಕೊಂಡು ಹೋಗುವ ಪಕ್ಕದ ಮನೆಯ ಮಗು ಒಂದು ಕ್ಲಾಸಿಗೆ ಒಂದು ಕೋಣೆಯಲ್ಲಿ ಕೂರುತ್ತದೆ. ಅದೇ ಶಿಸ್ತು ಎಂದು ನಾವು ತಿಳಿದಿದ್ದೇವೆ. ಆ ಕೋಣೆಯಲ್ಲೂ ಅರ್ಥವಾಗದೆ ಇಂಗ್ಲಿಷ್ ಉತ್ತರಗಳನ್ನು ಉರುಹೊಡೆಯುವ ಮಕ್ಕಳಿದ್ದಾರೆ ಎಂಬುದನ್ನು ಯಾರೂ ಹೇಳುವುದಿಲ್ಲ. ಫೀಸು ಕಟ್ಟಿದ ಮೇಲೆ ಹೇಳಿಕೊಳ್ಳುವುದು ಕಷ್ಟ ಕೂಡ. ಅಲ್ಲಿ ಹಿಂದೆ ಬಿದ್ದ ಮಗುವಿಗೆ ಶಾಲೆ ತೋರಿಸುವ ದಾರಿ ಸಂಜೆಯ ಟ್ಯೂಷನ್.

ಮೂರನೆಯದು ಬಹಳ ಗಂಭೀರವಾದದ್ದು: ಮಟ್ಟದ ಪ್ರಕಾರ ಕೂರಿಸಿದರೆ ದಡ್ಡರ ಸಾಲು ಎಂಬ ಹಣೆಪಟ್ಟಿ ಬೀಳುವುದಿಲ್ಲವೇ? ಕೆಳಜಾತಿಯ, ಕೂಲಿಯವರ, ವಲಸೆ ಬಂದವರ ಮಕ್ಕಳೇ ಆ ಸಾಲಿನಲ್ಲಿ ಉಳಿಯುವುದಿಲ್ಲವೇ? ಉಳಿಯುವ ಅಪಾಯ ಖಂಡಿತ ಇದೆ. ಅಂಕ ನೋಡಿ 'ಎ' ಸೆಕ್ಷನ್, 'ಬಿ' ಸೆಕ್ಷನ್ ಮಾಡಿ ವರ್ಷವಿಡೀ ಅಲ್ಲೇ ಕೂಡಿಹಾಕುವ ಪದ್ಧತಿ ಅನ್ಯಾಯ, ಅದನ್ನು ನಾನು ಸಮರ್ಥಿಸಲಾರೆ. ಆದರೆ ದಿನಕ್ಕೊಂದು ಗಂಟೆ, ಒಂದು ವಿಷಯಕ್ಕೆ, ತಿಂಗಳಿಗೊಮ್ಮೆ ಬದಲಾಗುವ ಗುಂಪು ಬೇರೆ. ಗಣಿತದಲ್ಲಿ ಮೇಲಿರುವವನು ಓದಿನಲ್ಲಿ ಕೆಳಗಿರುತ್ತಾನೆ, ಉಳಿದ ಹೊತ್ತು ಎಲ್ಲರೂ ಒಟ್ಟಿಗೆ. ಗುಂಪಿನಿಂದ ಎಷ್ಟು ಮಕ್ಕಳು ಮೇಲೆ ಹೋದರು ಎಂಬುದೇ ಆ ಗುಂಪಿನ ಪರೀಕ್ಷೆ. ಯಾರೂ ಹೋಗಲಿಲ್ಲವೆಂದರೆ ಸೋತದ್ದು ಕಲಿಸಿದ ಕ್ರಮ.

ಈಗಿನ ಸಮಾನತೆಯಲ್ಲಿ ಹಣೆಪಟ್ಟಿ ಇಲ್ಲವೇ? ಇದೆ, ತಡವಾಗಿ ಬೀಳುತ್ತದೆ ಅಷ್ಟೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ, ಅಕ್ಷರಗಳೊಂದಿಗೆ ಹೆಣಗುವ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಅದರಲ್ಲಿದೆ. ಮಗುವಿಗೆ ತಕ್ಕ ಬದಲಾವಣೆ ಮಾಡಿಕೊಡುವುದು ಶಾಲೆಯ ಹೊಣೆ ಎಂದೂ ಹೇಳುತ್ತದೆ. ನಮ್ಮಲ್ಲಿ ಆ ಮಗುವಿನ ನೆನಪು ಬರುವುದು ಎಸ್ಸೆಸ್ಸೆಲ್ಸಿ ಅರ್ಜಿ ತುಂಬುವಾಗ: ಹೆಚ್ಚುವರಿ ಸಮಯ ಬೇಕೇ, ಬರೆಯಲು ಸಹಾಯಕರು ಬೇಕೇ, ಭಾಷೆಯ ವಿನಾಯಿತಿ ಬೇಕೇ? ಪರೀಕ್ಷೆಯಲ್ಲಿ ರಿಯಾಯಿತಿ ಕೊಡುವ ವ್ಯವಸ್ಥೆ ಹತ್ತು ವರ್ಷ ಪಾಠದಲ್ಲಿ ಏನು ಕೊಟ್ಟಿತು? ವಿಶೇಷ ಅಗತ್ಯದ ಮಕ್ಕಳಿಗೆಂದೇ ಇರುವ ಬಿಐಇಆರ್‌ಟಿ ಶಿಕ್ಷಕರು ಒಂದು ತಾಲ್ಲೂಕಿಗೆ ಬೆರಳೆಣಿಕೆಯಷ್ಟು. ಮೊಪೆಡ್ಡಿನಲ್ಲಿ ಊರೂರು ಸುತ್ತುವ ಅವರಿಗೆ ಒಂದು ಮಗುವನ್ನು ಮತ್ತೊಮ್ಮೆ ನೋಡುವ ಹೊತ್ತಿಗೆ ತಿಂಗಳೇ ಕಳೆದಿರುತ್ತದೆ.

ಒಟ್ಟು ಲೆಕ್ಕ ಹತ್ತನೇ ತರಗತಿಯಲ್ಲಿ ಚುಕ್ತಾ ಆಗುತ್ತದೆ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89. 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಶೇ. 73.40. ಕ್ಯಾಮೆರಾ ಹಿಡಿದುಕೊಟ್ಟದ್ದು ನಕಲನ್ನಷ್ಟೇ ಅಲ್ಲ. ನಾಲ್ಕನೇ ತರಗತಿಯಿಂದ ಯಾರೂ ಇಳಿದು ನೋಡದ ಆಳವನ್ನು. ಆದರೂ ಕೆಳಗಿನ ತರಗತಿಗಳಿಗೆ ಮದ್ದು ಹುಡುಕಲು ಹೊರಟಾಗ ಸರ್ಕಾರಕ್ಕೆ ಹೊಳೆದದ್ದು ಐದು, ಎಂಟು, ಒಂಬತ್ತಕ್ಕೂ ಬೋರ್ಡು ಪರೀಕ್ಷೆ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅದರ ಫಲಿತಾಂಶಕ್ಕೆ ತಡೆ ಕೊಡಬೇಕಾಯಿತು. ಸೊರಗಿದ ಪೈರಿಗೆ ನೀರು ಹಾಯಿಸುವ ಬದಲು ಪೈರನ್ನೇ ಪದೇ ಪದೇ ಅಳೆಯುವ ಬೇಸಾಯ ಇದು.

ಹಾಗಾದರೆ ಏನಾಗಬೇಕು? ನಾಲ್ಕರಿಂದ ಎಂಟನೇ ತರಗತಿಯವರೆಗೆ ದಿನದ ಮೊದಲ ಒಂದು ಗಂಟೆ, ಇಡೀ ವರ್ಷ, ಮಟ್ಟದ ಪ್ರಕಾರ ಓದು ಮತ್ತು ಲೆಕ್ಕಕ್ಕೆ ಮೀಸಲಾಗಲಿ. ಅದಕ್ಕಾಗಿ ಪಠ್ಯದಲ್ಲಿ ಕೆಲವು ಪಾಠ ಬಿಟ್ಟರೆ ನೋಟೀಸು ಬರುವುದಿಲ್ಲ ಎಂದು ಇಲಾಖೆ ಲಿಖಿತವಾಗಿ ಹೇಳಲಿ. ಸಿಆರ್‌ಪಿ ಬಂದಾಗ 'ಎಷ್ಟನೇ ಪಾಠ' ಎಂದು ಕೇಳುವ ಬದಲು 'ಕಳೆದ ಸಲದಿಂದ ಯಾವ ಮಗು ಮುಂದೆ ಹೋಯಿತು' ಎಂದು ಕೇಳಲಿ, ಆ ಮಗುವನ್ನು ಕರೆದು ಓದಿಸಲಿ. ಕಣ್ಣು, ಕಿವಿ, ಕಲಿಕೆಯ ತೊಡಕುಗಳ ತಪಾಸಣೆ ಹತ್ತರಲ್ಲಲ್ಲ, ಎರಡನೇ ತರಗತಿಯಲ್ಲಿ ಆಗಲಿ. ಇದಾವುದಕ್ಕೂ ಹೊಸ ಕಟ್ಟಡ ಬೇಡ, ಟ್ಯಾಬ್ ಬೇಡ, ಸ್ಮಾರ್ಟ್ ಬೋರ್ಡೂ ಬೇಡ. ಕಾಲಿರುವ ಶಿಕ್ಷಕರ ಹುದ್ದೆ ತುಂಬುವುದು ಮಾತ್ರ ಬೇಕೇ ಬೇಕು.

ಇಲಾಖೆ ತಾನಾಗಿ ಇದನ್ನು ಮಾಡುತ್ತದೆ ಎಂದು ನಾನು ನಂಬಿಲ್ಲ. 2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಎಸ್‌ಡಿಎಂಸಿ ಇದೆ. ಹೆಸರಿನಲ್ಲೇ ಮೇಲುಸ್ತುವಾರಿ ಎಂದಿದೆ. ಈವರೆಗೆ ನಮ್ಮ ಮೇಲುಸ್ತುವಾರಿ ಕಾಂಪೌಂಡು, ಶೌಚಾಲಯ, ಬಿಸಿಯೂಟದ ಸಾರು, ಆಗಸ್ಟ್ 15ರ ಲಾಡು, ಇಷ್ಟಕ್ಕೆ ಮುಗಿದಿದೆ. ಅವೂ ಬೇಕು. ಆದರೆ 1938ರಲ್ಲಿ ಶಿವಪುರದ ಬಯಲಲ್ಲಿ ನಿಷೇಧ ಮುರಿದು ಬಾವುಟ ಏರಿಸಿದವರ ತಾಲ್ಲೂಕು ಇದು. ಇಲ್ಲಿನ ಜನಕ್ಕೆ ಅಧಿಕಾರಿಗಳನ್ನು ಪ್ರಶ್ನೆ ಕೇಳುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಮುಂದಿನ ಸಭೆಗೆ ಹೋದಾಗ ಪಾಠ ಎಷ್ಟಾಯಿತು ಎಂದು ಕೇಳಬೇಡಿ. ಐದನೇ ತರಗತಿಯ ಹಿಂದಿನ ಸಾಲಿನ ಮಕ್ಕಳ ಪಕ್ಕ ಹೋಗಿ ಕೂತು, ಅವರ ಕೈಲಿ ಎರಡನೇ ತರಗತಿಯ ಪುಸ್ತಕ ಕೊಟ್ಟು, ಒಂದು ಪುಟ ಓದಲು ಹೇಳಿ. ಓದಲಾಗದ ಮಕ್ಕಳ ಹೆಸರು ಬರೆದುಕೊಳ್ಳಿ. ಮೂರು ತಿಂಗಳು ಬಿಟ್ಟು ಅದೇ ಪಟ್ಟಿ ಹಿಡಿದು ಮತ್ತೆ ಹೋಗಿ.